ಒಂದೇ ವಿಮಾನ, ಒಂದು ದಿನ ಗುಡುಗು, ಇನ್ನೊಂದು ದಿನ ಪಿಸುಮಾತು: ಸದ್ದಿನ ದಾರಿಯನ್ನು ತಾರಸಿಯಿಂದಲೇ ಪತ್ತೆಹಚ್ಚುವ ಬಗೆ

ದೇವನಹಳ್ಳಿಯ ಸುತ್ತಮುತ್ತ ಸೈಟು ನೋಡಲು ಹೋದವರಿಗೆ ಸಾಮಾನ್ಯವಾಗಿ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಜಾಗ ತೋರಿಸುತ್ತಾರೆ. ವಿಮಾನದ ಸದ್ದು ಇದ್ದೂ ಇಲ್ಲದಂತಿರುತ್ತದೆ. ಮನೆ ಕಟ್ಟಿ, ಹಾಲುಕ್ಕಿಸಿ, ಮೊದಲ ಚಳಿಗಾಲ ಬಂದಾಗ ಬೆಳಗಿನ ಜಾವ ನಾಲ್ಕಕ್ಕೆ ಪಕ್ಕದ ಗೋಡೆಯಾಚೆ ಯಾರೋ ಲಾರಿ ಸ್ಟಾರ್ಟ್ ಮಾಡಿ ಬಿಟ್ಟುಹೋದಂಥ ಮೊರೆತ ಶುರುವಾಗುತ್ತದೆ. ವಿಮಾನಗಳ ದಾರಿ ಬದಲಾಯಿತು, ರಾತ್ರಿ ಹಾರಾಟ ಹೆಚ್ಚಿತು ಎಂದೆಲ್ಲ ಮಾತು ಹುಟ್ಟುತ್ತದೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಬಹಳಷ್ಟು ಸಲ ಬದಲಾಗಿರುವುದು ನಡುವಿನ ಗಾಳಿ ಮಾತ್ರ. ಯಾವುದು ವಿಮಾನದ ಪಾಲು, ಯಾವುದು ಗಾಳಿಯ ಪಾಲು ಎಂದು ಬೇರ್ಪಡಿಸದೆ ಬರೆದಿಟ್ಟ ಡೆಸಿಬೆಲ್ ಅಂಕಿಗೆ ಬೆಲೆಯಿಲ್ಲ. ಹಾಗೆ ಬೇರ್ಪಡಿಸುವುದು ಹೇಗೆಂದು ಇಲ್ಲಿ ಬರೆದಿದೆ. ಉದಾಹರಣೆಗಳೆಲ್ಲ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದವು. ವಿಧಾನವನ್ನು ಮಂಗಳೂರು, ಹುಬ್ಬಳ್ಳಿ ಎಲ್ಲಿ ಬೇಕಾದರೂ ಬಳಸಬಹುದು.

ಮೊದಲು ಕೋನ, ಆಮೇಲೆ ಡೆಸಿಬೆಲ್

ಮೀಟರ್ ಕೊಳ್ಳುವ ಮೊದಲು ಒಂದು ಸಂಗತಿ ಗೊತ್ತುಮಾಡಿಕೊಳ್ಳಿ: ಸದ್ದು ಜೋರಾಗಿ ಕೇಳುವ ಹೊತ್ತಿಗೆ ವಿಮಾನ ನಿಮ್ಮ ಕಣ್ಣಿಗೆ ಎಷ್ಟು ಡಿಗ್ರಿ ಮೇಲಿರುತ್ತದೆ? ಶಾಲೆಯ ಕೋನಮಾಪಕ, ಒಂದು ದಾರ, ದಾರದ ತುದಿಗೆ ಕಟ್ಟಿದ ನಟ್ಟು ಇಷ್ಟಿದ್ದರೆ ಸಾಕು. ಕೋನಮಾಪಕದ ನೇರ ಅಂಚಿನುದ್ದಕ್ಕೂ ವಿಮಾನವನ್ನು ಗುರಿಯಿಟ್ಟು ನೋಡಿ, ದಾರ ನಿಂತ ಅಂಕಿಯನ್ನು 90ರಿಂದ ಕಳೆಯಿರಿ. ಅದೂ ಬೇಡವೆಂದರೆ ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಿ. ಸೂರ್ಯನ ಆಸುಪಾಸಿನಲ್ಲಿರುವ ವಿಮಾನದ ತಂಟೆಗೆ ಮಾತ್ರ ಹೋಗಬೇಡಿ.

ಕೋನ 50–60 ಡಿಗ್ರಿಗಿಂತ ಹೆಚ್ಚಿದ್ದರೆ ಸದ್ದು ಗಾಳಿಯ ಪದರಗಳನ್ನು ಹೆಚ್ಚುಕಡಿಮೆ ನೇರವಾಗಿ ಸೀಳಿಕೊಂಡು ಇಳಿಯುತ್ತದೆ. ಬಾಗುವುದಕ್ಕೆ ಅದಕ್ಕೆ ಎಡೆಯೇ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ದೂರ, ವಿಮಾನದ ಬಗೆ, ಎಂಜಿನ್ ಎಷ್ಟು ಒತ್ತಡದಲ್ಲಿದೆ ಎಂಬುದು. ಕೋನ 15 ಡಿಗ್ರಿಗಿಂತ ಕಡಿಮೆಯಿದ್ದರೆ, ಅಥವಾ ವಿಮಾನ ಕಣ್ಣಿಗೇ ಬೀಳದೆ ಬರೀ ಮೊರೆತ ಕೇಳುತ್ತಿದ್ದರೆ, ಆಟ ಪೂರ್ತಿ ಹವೆಯದು. ರನ್‌ವೇ ಮೇಲೆ ಓಡುವ ವಿಮಾನ, ಇಳಿದ ಮೇಲೆ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವಾಗಿನ ಅಬ್ಬರ, ರಿಪೇರಿ ಆದ ಮೇಲೆ ನಿಂತಲ್ಲೇ ಎಂಜಿನ್ ಓಡಿಸಿ ನೋಡುವುದು, ಇವೆಲ್ಲ ಈ ಎರಡನೇ ಗುಂಪಿಗೆ ಸೇರುತ್ತವೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಕೊನೆಗೆ ಏನೂ ತಿಳಿಯುವುದಿಲ್ಲ. ಪುಸ್ತಕದಲ್ಲಿ ಬೇರೆ ಬೇರೆ ಪುಟ ಮಾಡಿ.

ದಾರಿಯಲ್ಲಿ ಸದ್ದಿಗೆ ಏನಾಗುತ್ತದೆ

ಮೊದಲನೆಯದು ಹರಡುವಿಕೆ. ದೂರ ಎರಡರಷ್ಟಾದರೆ 6 ಡೆಸಿಬೆಲ್ ಕಡಿಮೆ. ಇದು ಎಲ್ಲ ಕಂಪನಾಂಕಕ್ಕೂ ಒಂದೇ, ಹವೆಗೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯದು ಗಾಳಿ ನುಂಗುವ ಪಾಲು. ಇಲ್ಲಿ ಕೀರಲು ಸದ್ದಿಗೊಂದು ನ್ಯಾಯ, ಗಡಸು ಸದ್ದಿಗೊಂದು ನ್ಯಾಯ. ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ; ಅಂಕಿ ಹೆಚ್ಚಿದಷ್ಟೂ ಸದ್ದು ಕೀರಲು. 20 ಡಿಗ್ರಿ ಉಷ್ಣಾಂಶ, 70% ತೇವಾಂಶದಲ್ಲಿ ಒಂದು ಕಿಲೋಮೀಟರಿಗೆ 125 ಹರ್ಟ್ಜ್ ಸದ್ದು ಕಳೆದುಕೊಳ್ಳುವುದು 0.3 ಡೆಸಿಬೆಲ್, 1,000 ಹರ್ಟ್ಜ್‌ಗೆ 5, 2,000ಕ್ಕೆ 9, 4,000ಕ್ಕೆ ಸುಮಾರು 23, 8,000ಕ್ಕೆ 77. ಹತ್ತಿರದ ವಿಮಾನ ಶಿಳ್ಳೆ, ಕಿರುಚು, ಮೊರೆತ ಎಲ್ಲವನ್ನೂ ಕೊಟ್ಟರೆ ದೂರದ ವಿಮಾನ ಬರೀ ಗುಡುಗುಟ್ಟುವುದು ಇದರಿಂದಲೇ.

ತೇವಾಂಶದ ವಿಷಯದಲ್ಲಿ ಬಹಳ ಜನರ ಊಹೆ ತಲೆಕೆಳಗಾಗಿರುತ್ತದೆ. ತೇವದ ಗಾಳಿ 'ದಪ್ಪ', ಹಾಗಾಗಿ ಸದ್ದನ್ನು ಹೆಚ್ಚು ತಡೆಯುತ್ತದೆ ಎಂದುಕೊಳ್ಳುತ್ತಾರೆ. ಆಗುವುದು ಅದಕ್ಕೆ ವಿರುದ್ಧ. 15 ಡಿಗ್ರಿಯಲ್ಲಿ ತೇವಾಂಶ 20% ಇದ್ದರೆ 4,000 ಹರ್ಟ್ಜ್ ಸದ್ದು ಕಿಲೋಮೀಟರಿಗೆ 89 ಡೆಸಿಬೆಲ್ ಸವೆಯುತ್ತದೆ. 80% ಇದ್ದರೆ ಬರೀ 24. ಆಮ್ಲಜನಕದ ಅಣುಗಳು ಸದ್ದಿನ ಶಕ್ತಿಯನ್ನು ತಮ್ಮ ಕಂಪನದೊಳಕ್ಕೆ ಎಳೆದುಕೊಂಡು ತಡವಾಗಿ ಹಿಂತಿರುಗಿಸುತ್ತವೆ. ಆ ತಡದಲ್ಲೇ ಶಕ್ತಿ ಸೋರುವುದು. ನೀರಾವಿ ಎಷ್ಟಿದೆ ಎಂಬುದರ ಮೇಲೆ ಆ ತಡ ನಿಂತಿದೆ. ಹಾಗಾಗಿ ಮಳೆ ನಿಂತ ಸಂಜೆ ಅದೇ ವಿಮಾನದ ಶಿಳ್ಳೆ ಚೂಪಾಗಿ ಕೇಳಿದರೆ ಕಿವಿಯನ್ನು ಅನುಮಾನಿಸಬೇಡಿ. ವಿಮಾನಗಳ ಸದ್ದಿನ ಅಂತರರಾಷ್ಟ್ರೀಯ ಪ್ರಮಾಣಪತ್ರದ ಅಳತೆಗಳನ್ನೂ 25 ಡಿಗ್ರಿ, 70% ತೇವಾಂಶ ಎಂಬ ಒಂದೇ ಹವೆಗೆ ತಿದ್ದಿಯೇ ಹೋಲಿಸುತ್ತಾರೆ.

ಮೂರನೆಯದು ಬಾಗುವಿಕೆ. ಚಳಿಗಾಲದ ಒಗಟಿಗೆ ಉತ್ತರ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಸದ್ದು ಬಿಸಿಗಾಳಿಯಲ್ಲಿ ಬೇಗ ಓಡುತ್ತದೆ: 30 ಡಿಗ್ರಿಯಲ್ಲಿ ಸೆಕೆಂಡಿಗೆ 349 ಮೀಟರ್, 15 ಡಿಗ್ರಿಯಲ್ಲಿ 340. ಒಂದು ಡಿಗ್ರಿಗೆ ಸುಮಾರು 0.6 ಮೀಟರ್ ವ್ಯತ್ಯಾಸ. ಎತ್ತಿನಗಾಡಿಯ ಒಂದು ಗಾಲಿ ಕೆಸರಿಗಿಳಿದರೆ ಗಾಡಿ ಕೆಸರಿನ ಕಡೆಗೇ ತಿರುಗುವಂತೆ ಸದ್ದಿನ ಅಲೆಯೂ ನಿಧಾನದ ಗಾಳಿಯ ಕಡೆಗೆ ಬಾಗುತ್ತದೆ. ಬಿಸಿಲು ಕಾದ ಹಗಲಲ್ಲಿ ನೆಲದ ಹತ್ತಿರ ಬಿಸಿ, ಮೇಲೆ ತಂಪು; ಸದ್ದು ಮೇಲಕ್ಕೆ ಬಾಗಿ ನಿಮ್ಮ ತಲೆಯ ಮೇಲಿಂದ ಹಾರಿಹೋಗುತ್ತದೆ. ನೆಲದ ಮೇಲಿನ ಸದ್ದಿಗೆ ಕೆಲವು ನೂರು ಮೀಟರ್ ಆಚೆಗೇ ಒಂದು 'ನೆರಳು' ಶುರುವಾಗುತ್ತದೆ. ಆ ನೆರಳಿನಲ್ಲಿ 20 ಡೆಸಿಬೆಲ್‌ವರೆಗೂ ಇಳಿತ ಸಿಗುತ್ತದೆ. ಭಾನುವಾರ ಮಧ್ಯಾಹ್ನ ಸೈಟು ತೋರಿಸಿದವರು ನಿಮ್ಮನ್ನು ನಿಲ್ಲಿಸಿದ್ದು ಇಂಥ ನೆರಳಿನಲ್ಲಿ.

ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಇದೆಲ್ಲ ತಿರುವುಮುರುವು. ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕಂಟಿದ ಗಾಳಿಯೂ ತಣ್ಣಗಾಗುತ್ತದೆ, ಮೇಲಿನ ಪದರ ಬೆಚ್ಚಗೇ ಉಳಿಯುತ್ತದೆ. ಮೇಲಕ್ಕೆ ಹೊರಟ ಸದ್ದು ಬಾಗಿ ಕೆಳಗಿಳಿದು, ನೆಲಕ್ಕೆ ತಾಗಿ, ಪುಟಿದು, ಮತ್ತೆ ಬಾಗುತ್ತದೆ. ಹಳ್ಳಿಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ: ಹಗಲೆಲ್ಲ ಕೇಳಿಸದ ದೂರದ ರೈಲು, ಪಕ್ಕದೂರಿನ ದೇವಸ್ಥಾನದ ಮೈಕು ಬೆಳಗಿನ ಜಾವ ಹಿತ್ತಲಲ್ಲೇ ಇದ್ದಂತೆ ಕೇಳುತ್ತವಲ್ಲ, ಅದೇ.

ಗಾಳಿ ಬೀಸುವುದೂ ಇದೇ ಕೆಲಸ ಮಾಡುತ್ತದೆ. ನೆಲದ ಹತ್ತಿರ ಮರ, ಮನೆಗಳ ತಡೆಯಿಂದ ಗಾಳಿ ಮಂದ, ಮೇಲೆ ಜೋರು. ನೆಲದಲ್ಲಿ ಸೆಕೆಂಡಿಗೆ 1 ಮೀಟರ್, 50 ಮೀಟರ್ ಎತ್ತರದಲ್ಲಿ 5 ಮೀಟರ್ ಇದ್ದರೆ, ಗಾಳಿ ಹೋಗುವ ಕಡೆಗೆ ಸದ್ದು ಮೇಲಿನ ಪದರದಲ್ಲಿ 4 ಮೀಟರ್ ಹೆಚ್ಚು ವೇಗ ಪಡೆದು ಕೆಳಗೆ ಬಾಗುತ್ತದೆ. ಗಾಳಿಗೆ ಎದುರಾಗಿ ಹೊರಟ ಸದ್ದು ಮೇಲೆ ಬಾಗಿ ನೆರಳು ಬೀಳಿಸುತ್ತದೆ. ಗಾಳಿ ಸದ್ದನ್ನು 'ಹೊತ್ತು ತರುತ್ತದೆ' ಎನ್ನುವುದು ಪೂರ್ತಿ ಸರಿಯಲ್ಲ. ಸೆಕೆಂಡಿಗೆ 340 ಮೀಟರ್ ಓಡುವುದನ್ನು 5 ಮೀಟರಿನ ಗಾಳಿ ಏನು ಹೊತ್ತೀತು? ಬಾಗಿಸುತ್ತದೆ, ಅಷ್ಟೆ. ಆ ಬಾಗು ಸಾಕು.

ಸದ್ದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೆಂಗಳೂರಿಗರಿಗೆ ನೆನಪಿರುವ ಸಾಕ್ಷಿಯೊಂದಿದೆ. 2020ರ ಮೇ 20ರ ಮಧ್ಯಾಹ್ನ ನಗರದ ಉದ್ದಗಲಕ್ಕೂ ಕಿಟಕಿ ಅದುರಿಸಿದ ಸದ್ದು ಭೂಕಂಪವೇ ಇರಬೇಕು ಎನಿಸಿತ್ತು. ಅದು ವಾಯುಪಡೆಯ ಪರೀಕ್ಷಾ ಹಾರಾಟದ ಸದ್ದು, ವಿಮಾನ ನಗರದಿಂದ ಬಹುದೂರವಿತ್ತು, 36,000ದಿಂದ 40,000 ಅಡಿಯ ನಡುವೆ ಶಬ್ದಕ್ಕಿಂತ ಹೆಚ್ಚಿದ್ದ ವೇಗವನ್ನು ಅದಕ್ಕಿಂತ ಕೆಳಕ್ಕೆ ತಗ್ಗಿಸುವಾಗ ಹುಟ್ಟಿದ್ದು, ಇಂಥ ಸದ್ದು 65ರಿಂದ 80 ಕಿ.ಮೀ. ದೂರದವರೆಗೂ ಕೇಳಬಹುದು ಎಂದು ರಕ್ಷಣಾ ಸಚಿವಾಲಯ ವಿವರಣೆ ಕೊಟ್ಟಿತು.

ಬೆಂಗಳೂರಿನ ಎರಡು ಕಾಲ

ಕೆಂಪೇಗೌಡ ನಿಲ್ದಾಣದಲ್ಲಿ 4,000 ಮೀಟರಿನ ಎರಡು ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಜೊತೆಜೊತೆಗೆ ಮಲಗಿವೆ. ದಕ್ಷಿಣದ್ದು 2019ರ ಡಿಸೆಂಬರಿನಲ್ಲಿ ಬಳಕೆಗೆ ಬಂತು. ಹೆಸರಿನಲ್ಲಿರುವ 09 ಎಂದರೆ ಪೂರ್ವಕ್ಕೆ ಮುಖ (90 ಡಿಗ್ರಿ), 27 ಎಂದರೆ ಪಶ್ಚಿಮಕ್ಕೆ ಮುಖ (270). ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ, ಹಾಗಾಗಿ 27ರ ಬಳಕೆ ಹೆಚ್ಚು: ಪೂರ್ವದಿಂದ ಬಂದು ಇಳಿಯುತ್ತವೆ, ಪಶ್ಚಿಮಕ್ಕೆ ಏರುತ್ತವೆ. ಚಳಿಗಾಲದಲ್ಲಿ ಮೂಡಗಾಳಿ, 09.

ಈಗ ಮೂರು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿ. ಚಳಿಗಾಲದಲ್ಲಿ ಟೇಕಾಫ್ ಓಟ ಶುರುವಾಗುವುದು ರನ್‌ವೇಯ ಪಶ್ಚಿಮದ ತುದಿಯಿಂದ. ಎಂಜಿನ್ನಿನ ಬಾಲ ಪಶ್ಚಿಮಕ್ಕೆ, ಜೆಟ್ ಮೊರೆತ ಹೆಚ್ಚು ಚೆಲ್ಲುವುದೂ ಹಿಂಬದಿಯ ಓರೆಗೆ. ಗಾಳಿ ಪೂರ್ವದಿಂದ ಪಶ್ಚಿಮಕ್ಕೆ, ಸದ್ದು ಆ ಕಡೆಗೇ ಕೆಳಬಾಗುತ್ತದೆ. ಮೇಲಾಗಿ ಬೆಳಗಿನ ಜಾವ ತಂಪು ನೆಲ, ಬೆಚ್ಚಗಿನ ಮೇಲ್ಪದರ. ಮೂರೂ ಒಂದೇ ದಿಕ್ಕಿಗೆ ತಳ್ಳುತ್ತವೆ. ನಿಲ್ದಾಣದ ಪಶ್ಚಿಮಕ್ಕಿರುವ ಮನೆಗೆ ಜನವರಿಯ ಬೆಳಗಿನ ಜಾವ ಬೀಳುವ ಹೊರೆ ಇದು. ಮುಂಗಾರಿನಲ್ಲಿ ಬಾಲವೂ ಗಾಳಿಯೂ ಪೂರ್ವಕ್ಕೆ, ಆದರೆ ಮೋಡ ಮುಚ್ಚಿದ, ಗಾಳಿಯಾಡುವ ರಾತ್ರಿಗಳಲ್ಲಿ ತಂಪು ಪದರ ಗಟ್ಟಿಯಾಗಿ ಕೂರುವುದಿಲ್ಲ. ಗಾಳಿ ತೀರಾ ಮಂದವಾದಾಗ ದಿಕ್ಕು ಬದಲಿಸದೆಯೂ ನಡೆಸುತ್ತಾರೆ; ಆದ್ದರಿಂದ ಕ್ಯಾಲೆಂಡರ್ ನೋಡಿ ತೀರ್ಮಾನಿಸದೆ ಆ ದಿನ ಯಾವ ಕಡೆಗೆ ಏರುತ್ತಿವೆ ಎಂದು ಕಣ್ಣಾರೆ ನೋಡಿ ಬರೆದುಕೊಳ್ಳಿ.

ಸಾಮಾನು, ಮತ್ತು ಇಡುವ ಜಾಗ

ದಾಖಲೆಗೆ ನಿಲ್ಲಬೇಕಾದರೆ ಐಇಸಿ 61672 ಎಂಬ ಅಂತರರಾಷ್ಟ್ರೀಯ ಮಾನದಂಡದ 1 ಅಥವಾ 2ನೇ ದರ್ಜೆಯ ಮೀಟರ್, ಜೊತೆಗೆ 1,000 ಹರ್ಟ್ಜ್‌ನಲ್ಲಿ 94 ಡೆಸಿಬೆಲ್ ಕೊಡುವ ಕ್ಯಾಲಿಬ್ರೇಟರ್ ಬೇಕು. ಕೊಳ್ಳಬೇಕಿಲ್ಲ, ಬಾಡಿಗೆಗೂ ಸಿಗುತ್ತದೆ. ಅಳತೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತಾಳೆ ನೋಡಿ. ಎರಡರ ನಡುವೆ ಅರ್ಧ ಡೆಸಿಬೆಲ್‌ಗಿಂತ ಹೆಚ್ಚು ಅಂತರ ಬಂದರೆ ಆ ಹೊತ್ತಿನ ಅಳತೆಯನ್ನು ಬದಿಗಿಡಿ. ಮೊಬೈಲ್ ಆಪ್ ನಿಮ್ಮ ತಿಳಿವಳಿಕೆಗೆ ಸಾಕು, ಅರ್ಜಿಗೆ ಲಗತ್ತಿಸಲು ಸಾಲದು. ಒಂದೇ ಫೋನು, ಒಂದೇ ಆಪ್, ಒಂದೇ ಜಾಗ ಎಂದು ಹಟ ಹಿಡಿದರೆ ದಿನದಿಂದ ದಿನಕ್ಕೆ ಹೋಲಿಕೆ ಮಾಡಲು ಅದೂ ಪ್ರಯೋಜನಕ್ಕೆ ಬರುತ್ತದೆ. ಫೋನಿನ ಕವರ್ ತೆಗೆದಿಡಿ. ಮೈಕಿನ ತೂತಿಗೆ ಅಡ್ಡ ಬರುತ್ತದೆ.

ಮೀಟರನ್ನು 'ಎ' ತೂಕಕ್ಕೆ, 'ಸ್ಲೋ'ಗೆ ಇಡಿ. ಸಾಧ್ಯವಿದ್ದರೆ 'ಸಿ' ತೂಕದ ಅಂಕಿಯನ್ನೂ ಜೊತೆಯಲ್ಲೇ ಬರೆದುಕೊಳ್ಳಿ. 'ಎ' ತೂಕ ಕಿವಿಯನ್ನು ಅನುಕರಿಸುವಂಥದ್ದು. 125 ಹರ್ಟ್ಜ್ ಸದ್ದನ್ನು 16 ಡೆಸಿಬೆಲ್, 63 ಹರ್ಟ್ಜ್ ಸದ್ದನ್ನು 26 ಡೆಸಿಬೆಲ್ ತಗ್ಗಿಸಿ ತೋರಿಸುತ್ತದೆ. ದೂರದ ರನ್‌ವೇಯ ಮೊರೆತ ಇರುವುದೇ ಆ ಭಾಗದಲ್ಲಿ. ಕಿಟಕಿ ಗಾಜು ಗದಗುಟ್ಟುತ್ತಿದೆ, ಮೀಟರ್ ಮಾತ್ರ 48 ಎನ್ನುತ್ತಿದೆ ಎಂದರೆ ಮೀಟರ್ ಕೆಟ್ಟಿಲ್ಲ. 'ಸಿ'ಯಲ್ಲಿ ನೋಡಿದರೆ ಅದೇ ಸದ್ದು 15–20 ಹೆಚ್ಚು ತೋರಿಸಬಹುದು.

ಟ್ರೈಪಾಡಿನ ಮೇಲೆ 1.2ರಿಂದ 1.5 ಮೀಟರ್ ಎತ್ತರ. ಗೋಡೆ, ನೀರಿನ ಟ್ಯಾಂಕು, ಸೋಲಾರ್ ಹೀಟರಿನಿಂದ ಕನಿಷ್ಠ ಮೂರೂವರೆ ಮೀಟರ್ ದೂರ. ಸಣ್ಣ ತಾರಸಿಯಲ್ಲಿ ಅಷ್ಟು ಜಾಗ ಸಿಗದಿದ್ದರೆ ಎದುರಿನ ಖಾಲಿ ಸೈಟು ವಾಸಿ. ತಾರಸಿಯ ಕಾಂಕ್ರೀಟು ಸದ್ದನ್ನು ಪುಟಿಸುತ್ತದೆ. ಹುಲ್ಲು ನೆಲದ ಮೇಲಿನ ಅಂಕಿಯ ಜೊತೆ ಅದನ್ನು ಹೋಲಿಸಬೇಡಿ. ಮೈಕಿಗೆ ಸ್ಪಂಜಿನ ಚೆಂಡು ತೊಡಿಸಿ. ಗಾಳಿ ಸೆಕೆಂಡಿಗೆ 5 ಮೀಟರ್ ದಾಟಿದರೆ ಚೆಂಡಿದ್ದರೂ ಮೈಕು ಅಳೆಯುವುದು ಗಾಳಿಯ ಗುದ್ದನ್ನೇ. ಮರದ ಸಣ್ಣ ರೆಂಬೆಗಳು ಬಿಡದೆ ಅಲ್ಲಾಡುತ್ತಿದ್ದರೆ ಮೀಟರ್ ಒಳಗಿಡಿ. ನೀವು ಮೈಕಿನಿಂದ ಎರಡು ಮೂರು ಹೆಜ್ಜೆ ದೂರ ನಿಲ್ಲಿ, ಮೈಯೂ ಸದ್ದನ್ನು ಪುಟಿಸುತ್ತದೆ.

ಒಂದು ವಿಮಾನವನ್ನು ಮೊದಲಿಂದ ಕೊನೆಯವರೆಗೆ

ಜನವರಿಯ ಬೆಳಗ್ಗೆ ಎಂದಿಟ್ಟುಕೊಳ್ಳಿ. ನೀವಿರುವುದು ರನ್‌ವೇಯ ನೇರಕ್ಕೆ, ಪಶ್ಚಿಮದ ತುದಿಯಿಂದ 8 ಕಿ.ಮೀ. ಆಚೆ. ಏರ್‌ಬಸ್ ಕಂಪನಿಯ ಒಂದು ಎ320 ವಿಮಾನ ಇಳಿಯಲು ಬರುತ್ತಿದೆ. ಇಳಿಜಾರು 3 ಡಿಗ್ರಿ, ಅಂದರೆ ಕಿಲೋಮೀಟರಿಗೆ 52.4 ಮೀಟರ್. ರನ್‌ವೇ ತುದಿಯನ್ನು ದಾಟುವಾಗಿನ 15 ಮೀಟರ್ ಸೇರಿಸಿದರೆ ನಿಮ್ಮ ನೆತ್ತಿಯ ಮೇಲೆ ಅದರ ಎತ್ತರ 434 ಮೀಟರ್, ಸುಮಾರು 1,425 ಅಡಿ. ನಿಮ್ಮ ನೆಲ ರನ್‌ವೇಗಿಂತ ಎತ್ತರವಿದ್ದರೆ ಅಷ್ಟನ್ನು ಕಳೆಯಿರಿ.

ವಿಮಾನ ಹಿಂಬಾಲಿಸುವ ಆಪ್ ತೆಗೆದು ನೋಡಿದರೆ ಅದು 4,275 ಅಡಿ ಎನ್ನುತ್ತದೆ. ಇಲ್ಲಿಯೇ ಹೆಚ್ಚಿನವರು ಎಡವುವುದು. ಆಪ್ ಕೊಡುವ ಅಂಕಿ ನೆಲದಿಂದಲ್ಲ. ವಾಯುಭಾರ 1,013 ಹೆಕ್ಟೊಪ್ಯಾಸ್ಕಲ್ ಇದ್ದಾಗಿನ ಸಮುದ್ರಮಟ್ಟದಿಂದ. ಮೊದಲು ಆ ದಿನದ ಭಾರಕ್ಕೆ ತಿದ್ದಬೇಕು: ನಿಲ್ದಾಣದ ವರದಿಯಲ್ಲಿ 1,018 ಇದ್ದರೆ 5 ಹೆಚ್ಚು, ಒಂದಕ್ಕೆ ಸುಮಾರು 28 ಅಡಿಯಂತೆ 140 ಅಡಿ ಸೇರಿಸಿ, 4,415. ಆಮೇಲೆ ನಿಲ್ದಾಣದ ಎತ್ತರ ಕಳೆಯಬೇಕು, ಅದು ಸುಮಾರು 3,000 ಅಡಿ. ಉಳಿದದ್ದು 1,415. ಇಳಿಜಾರಿನ ಲೆಕ್ಕಕ್ಕೆ ಹತ್ತಡಿಯ ಅಂತರ, ತಾಳೆಯಾಯಿತು. ಈ ತಿದ್ದುಪಡಿ ಮಾಡದೆ 'ನಾಲ್ಕು ಸಾವಿರ ಅಡಿ ಮೇಲಿದ್ದರೂ ಇಷ್ಟು ಸದ್ದೇ' ಎಂದು ಬರೆದ ಅರ್ಜಿಯನ್ನು ವಿಷಯ ಬಲ್ಲವರು ಮೊದಲ ಸಾಲಿನಲ್ಲೇ ಪಕ್ಕಕ್ಕಿಡುತ್ತಾರೆ.

ಆಪ್ ಇಲ್ಲದೆಯೂ ಎತ್ತರ ಸಿಗುತ್ತದೆ. ಎ320ಯ ಹೊಸ ರೆಕ್ಕೆತುದಿಯ ಮಾದರಿಗೂ ಬೋಯಿಂಗ್ 737-800ಕ್ಕೂ ರೆಕ್ಕೆಯ ಈ ತುದಿಯಿಂದ ಆ ತುದಿಗೆ 35.8 ಮೀಟರ್, ಎಟಿಆರ್ 72ಕ್ಕೆ 27. ಮಕ್ಕಳ ಸ್ಕೇಲನ್ನು ಕಣ್ಣಿನಿಂದ 60 ಸೆಂ.ಮೀ. ದೂರ ಹಿಡಿದು, ನೆತ್ತಿಯ ಮೇಲೆ ಹೋಗುವಾಗ ರೆಕ್ಕೆ ಎಷ್ಟು ಮಿಲಿಮೀಟರ್ ಕಾಣುತ್ತದೆ ನೋಡಿ. ಸ್ಕೇಲಿಗೆ 60 ಸೆಂ.ಮೀ. ದಾರ ಕಟ್ಟಿ ಇನ್ನೊಂದು ತುದಿಯನ್ನು ಕೆನ್ನೆಗೆ ಒತ್ತಿಕೊಂಡರೆ ಅಳತೆ ಜಾರುವುದಿಲ್ಲ. 35.8ನ್ನು 600ರಿಂದ ಗುಣಿಸಿ, ಕಂಡ ಮಿಲಿಮೀಟರಿನಿಂದ ಭಾಗಿಸಿ. 49 ಮಿ.ಮೀ. ಕಂಡರೆ 438 ಮೀಟರ್.

ಈಗ ಅದೇ ವಿಮಾನವನ್ನು ರನ್‌ವೇ ನೇರದಿಂದ ಒಂದೂವರೆ ಕಿ.ಮೀ. ಪಕ್ಕಕ್ಕಿರುವ ಸ್ನೇಹಿತರ ಮನೆಯಿಂದ ಕೇಳಿ. ಓರೆ ದೂರ 1,560 ಮೀಟರ್, ಕೋನ 16 ಡಿಗ್ರಿ. ಹರಡುವಿಕೆಯಿಂದಲೇ 11 ಡೆಸಿಬೆಲ್ ಕಡಿಮೆ. ಮೇಲೆ ಕೊಟ್ಟ ಹವೆಯಲ್ಲಿ ಗಾಳಿ ನುಂಗುವುದು 2,000 ಹರ್ಟ್ಜ್‌ನಲ್ಲಿ ಇನ್ನೂ 10, 125 ಹರ್ಟ್ಜ್‌ನಲ್ಲಿ ಲೆಕ್ಕಕ್ಕೂ ಬಾರದ 0.3. ಇಷ್ಟು ಗಟ್ಟಿ ಲೆಕ್ಕ. ಇದರ ಮೇಲೆ ನೆಲ ಹೀರುವುದು, ಬಾಗುವುದು ಸೇರಿ ದಿನದಿಂದ ದಿನಕ್ಕೆ ಬದಲಾಗುವ ಪಾಲು.

ಎ320 ಇಳಿಯುವಾಗ ಎಂಜಿನ್ ಬಹುತೇಕ ಸುಮ್ಮನಿದ್ದರೂ ಒಂದು ಊಳು ಕೇಳುವುದುಂಟು, ಖಾಲಿ ಬಾಟಲಿಯ ಬಾಯಿಗೆ ಊದಿದಂತೆ. ಅದರ ಮೂಲವೂ ಬಾಟಲಿಯಂಥದ್ದೇ: ರೆಕ್ಕೆಯ ಅಡಿಯಲ್ಲಿರುವ ಇಂಧನ ಟ್ಯಾಂಕಿನ ಒತ್ತಡ ಬಿಡುವ ದುಂಡು ತೂತುಗಳ ಮೇಲೆ ಗಾಳಿ ಹರಿದು 500–600 ಹರ್ಟ್ಜ್ ಆಸುಪಾಸಿನ ಸ್ವರ ಏಳುತ್ತದೆ. ತೂತಿನ ಮುಂದೆ ಅಂಗೈಗಿಂತ ಸಣ್ಣ ತಗಡಿನ ಕಿವಿಯೊಂದನ್ನು ಕೂರಿಸಿದರೆ ಸ್ವರ ನಿಲ್ಲುತ್ತದೆ. ಲುಫ್ತಾನ್ಸಾ 2014ರಿಂದ ಹಾಗೆ ಮಾಡತೊಡಗಿತು, ಹೊಸ ವಿಮಾನಗಳಲ್ಲಿ ಈಗ ಸಾಮಾನ್ಯ. ಎರಡು ಎ320ಗಳಲ್ಲಿ ಒಂದು ಊಳಿಟ್ಟು ಇನ್ನೊಂದು ಸುಮ್ಮನೆ ಹೋದರೆ ಅದರ ಕಾರಣವನ್ನು ಹವೆಯಲ್ಲಿ ಹುಡುಕಬೇಡಿ.

ಸಮಯ ಗುರುತಿಸುವಾಗ ಒಂದು ಎಚ್ಚರ. ಸದ್ದು ಕಿಲೋಮೀಟರಿಗೆ ಸುಮಾರು 3 ಸೆಕೆಂಡು ತಡ. ಇಳಿಯುವ ವಿಮಾನಕ್ಕೆ ಇದು ತೊಂದರೆಯಲ್ಲ. ಆದರೆ 11 ಕಿ.ಮೀ. ಮೇಲೆ ಹಾದುಹೋಗುವ ವಿಮಾನದ ಸದ್ದು ಕೆಳಗಿಳಿಯಲು 34 ಸೆಕೆಂಡು ಬೇಕು, ಅಷ್ಟರಲ್ಲಿ ಅದು ಎಂಟು ಕಿ.ಮೀ. ಮುಂದೆ ಹೋಗಿರುತ್ತದೆ. ಸದ್ದು ಬಂದ ಕಡೆ ತಲೆಯೆತ್ತಿದರೆ ಬರೀ ಆಕಾಶ. ಎರಡು ವಿಮಾನ ಹಿಂದೆಮುಂದೆ ಹೋಗುವಾಗ ಸದ್ದನ್ನು ತಪ್ಪು ವಿಮಾನದ ಹೆಸರಿಗೆ ಬರೆಯುವುದು ಹೀಗೆಯೇ.

ಹವೆಯ ಸಾಲು

ಪ್ರತಿ ಅಳತೆಯ ಪಕ್ಕ ನಿಲ್ದಾಣದ ಹವಾವರದಿ, ಅಂದರೆ ಮೆಟಾರ್, ಬರೆದುಕೊಳ್ಳಿ. ಬೆಂಗಳೂರಿನ ಸಂಕೇತ ವಿಒಬಿಎಲ್, ಅರ್ಧ ಗಂಟೆಗೊಮ್ಮೆ ಬರುತ್ತದೆ. ಅದರಲ್ಲಿನ ಸಮಯ ಗ್ರೀನಿಚ್ಚಿನದು, ಐದೂವರೆ ಗಂಟೆ ಕೂಡಿಸಬೇಕು. '09006ಕೆಟಿ' ಎಂದರೆ ಗಾಳಿ 90 ಡಿಗ್ರಿಯಿಂದ, ಅಂದರೆ ಪೂರ್ವದಿಂದ, 6 ನಾಟ್. ಸೆಕೆಂಡಿಗೆ 3 ಮೀಟರ್. ಆ ಡಿಗ್ರಿ ಗಾಳಿ ಬರುವ ದಿಕ್ಕು, ಹೋಗುವ ದಿಕ್ಕಲ್ಲ. ಇದನ್ನು ತಿರುಗಿಸಿ ಓದಿದರೆ ಇಡೀ ತಿಂಗಳ ಲೆಕ್ಕ ಉಲ್ಟಾ. '22/18' ಎಂದರೆ ಉಷ್ಣಾಂಶ 22, ಇಬ್ಬನಿ ಬಿಂದು 18. ಎರಡರ ಅಂತರವನ್ನು 5ರಿಂದ ಗುಣಿಸಿ 100ರಿಂದ ಕಳೆದರೆ ತೇವಾಂಶ ಸುಮಾರಾಗಿ ಸಿಗುತ್ತದೆ: 80%. ಒಣಹವೆಯಲ್ಲಿ, 50%ಗಿಂತ ಕೆಳಗೆ, ಈ ಅಡ್ಡದಾರಿ ನಡೆಯುವುದಿಲ್ಲ.

ಮೆಟಾರ್ ಹೇಳದ ಒಂದು ವಿಷಯವೇ ಮುಖ್ಯವಾದದ್ದು: ತಂಪು ಪದರ ಕೂತಿದೆಯೋ ಇಲ್ಲವೋ. ಅದಕ್ಕೆ ಒಂದೇ ಕಂಪನಿಯ ಎರಡು ಥರ್ಮಾಮೀಟರ್ ತನ್ನಿ. ಒಂದು ರಾತ್ರಿ ಪಕ್ಕಪಕ್ಕ ಇಟ್ಟು ಅವುಗಳ ನಡುವಿನ ವ್ಯತ್ಯಾಸ ಗೊತ್ತುಮಾಡಿಕೊಳ್ಳಿ. ಆಮೇಲೆ ಒಂದನ್ನು ಅಂಗಳದಲ್ಲಿ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಇನ್ನೊಂದನ್ನು ತಾರಸಿಯಲ್ಲಿ ಕೋಲಿಗೆ ಕಟ್ಟಿ. ಗೋಡೆಗೆ ತಾಗಿಸಬೇಡಿ, ಹಗಲು ಕುಡಿದ ಬಿಸಿಲನ್ನು ಗೋಡೆ ರಾತ್ರಿಯೆಲ್ಲ ಬಿಡುತ್ತಿರುತ್ತದೆ. ಬೆಳಗಿನ ಜಾವ ತಾರಸಿಯದು ಅಂಗಳದ್ದಕ್ಕಿಂತ ಒಂದು ಡಿಗ್ರಿಯಾದರೂ ಹೆಚ್ಚಿದ್ದರೆ ಪದರ ಕೂತಿದೆ. ಕಣ್ಣಿಗೂ ಕುರುಹುಗಳಿವೆ: ಒಲೆಯ, ಕಸ ಸುಡುವ ಹೊಗೆ ಮೇಲೇಳದೆ ಚಾಪೆಯಂತೆ ಅಡ್ಡಡ್ಡ ಹಾಸುವುದು, ತಗ್ಗಿನಲ್ಲಿ ಮಂಜು ನಿಲ್ಲುವುದು.

ಪುಸ್ತಕದ ಒಂದು ಸಾಲು ಹೀಗಿದ್ದರೆ ಸಾಕು: ಸಮಯ, ವಿಮಾನದ ಬಗೆ, ಏರಿಕೆಯೋ ಇಳಿಕೆಯೋ, ಕೋನ, ಅತಿ ಹೆಚ್ಚಿನ ಅಂಕಿ, ವಿಮಾನ ಬರುವ ಮುಂಚಿನ ಸುತ್ತಲ ಸದ್ದು, ಗಾಳಿ, ಉಷ್ಣಾಂಶ/ಇಬ್ಬನಿ ಬಿಂದು, ಮೋಡ, ಎರಡು ಥರ್ಮಾಮೀಟರಿನ ಅಂತರ. ಚಳಿಗಾಲದಲ್ಲಿ ಒಂದು ವಾರ, ಮುಂಗಾರಿನಲ್ಲಿ ಒಂದು ವಾರ, ಕೋನದ ಪ್ರತಿ ಗುಂಪಿಗೂ ಕನಿಷ್ಠ ಇಪ್ಪತ್ತು ವಿಮಾನ. ಇಪ್ಪತ್ತಾದ ಮೇಲೆ ಅಂಕಿಗಳೇ ಮಾತಾಡುತ್ತವೆ. ನೆತ್ತಿಯ ಮೇಲಿನ ಒಂದೇ ಬಗೆಯ ವಿಮಾನಗಳು ಸಾಮಾನ್ಯವಾಗಿ ಕೆಲವೇ ಡೆಸಿಬೆಲ್‌ಗಳ ಒಳಗೆ ಗುಂಪುಗೂಡುತ್ತವೆ. ಅವು ಒಮ್ಮೆಲೇ 6 ಹೆಚ್ಚಿದರೆ ಎತ್ತರವೋ ದಾರಿಯೋ ಬದಲಾಗಿದೆ, ಆಪ್‌ನಲ್ಲಿ ನೋಡಿ. ನೆತ್ತಿಯವು ಅಲ್ಲೇ ಇದ್ದು, ಕಡಿಮೆ ಕೋನದವು ಮಾತ್ರ 15–20 ಡೆಸಿಬೆಲ್ ಹೊಯ್ದಾಡಿದರೆ ಕಾರಣ ಹವೆ.

ಡೆಸಿಬೆಲ್ ಕೂಡಿಸುವುದು

60 ಮತ್ತು 80ರ ಸರಾಸರಿ 70 ಅಲ್ಲ, 77. ಡೆಸಿಬೆಲ್ ಘಾತದ ಲೆಕ್ಕ; ಪ್ರತಿ ಅಂಕಿಯನ್ನು 10ರಿಂದ ಭಾಗಿಸಿ, 10ರ ಮೇಲಿನ ಘಾತವಾಗಿಸಿ, ಕೂಡಿಸಿ (ಸರಾಸರಿ ಬೇಕಿದ್ದರೆ ಎಷ್ಟು ಅಂಕಿಗಳಿವೆಯೋ ಅಷ್ಟರಿಂದ ಭಾಗಿಸಿ), ಆಮೇಲೆ ಲಾಗ್ ತೆಗೆದು 10ರಿಂದ ಗುಣಿಸಬೇಕು. ಒಂದು ವಿಮಾನದ ಸೆಕೆಂಡು ಸೆಕೆಂಡಿನ ಅಂಕಿಗಳನ್ನು ಹೀಗೆ ಕೂಡಿಸಿದರೆ ಆ ಹಾರಾಟದ ಒಟ್ಟು ಸದ್ದು ಸಿಗುತ್ತದೆ. ಅದು 82 ಬಂತು, ಹಗಲಿನ 16 ಗಂಟೆಯಲ್ಲಿ 60 ವಿಮಾನ ಹೋದವು ಎನ್ನಿ. 60ರ ಲಾಗ್‌ನ ಹತ್ತರಷ್ಟು 17.8 ಕೂಡಿಸಿ, 16 ಗಂಟೆಯ ಸೆಕೆಂಡುಗಳ ಲಾಗ್‌ನ ಹತ್ತರಷ್ಟು 47.6 ಕಳೆಯಿರಿ: ಹಗಲಿನ ಸಮಾನ ಮಟ್ಟ, ಅಂದರೆ ಇಡೀ ಹಗಲಿಗೆ ಹರಡಿದ ಸರಾಸರಿ, 52. ರಾತ್ರಿಯ 8 ಗಂಟೆಯಲ್ಲಿ 10 ವಿಮಾನ ಎಂದರೆ 82ಕ್ಕೆ 10 ಕೂಡಿಸಿ 44.6 ಕಳೆಯಿರಿ, 47.

ಹೋಲಿಸುವುದು ಯಾವುದರ ಜೊತೆ? 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ (10ರಿಂದ 6) 45. ಆದರೆ ವಿಮಾನ ನಿಲ್ದಾಣದ ಶಬ್ದ ವಲಯಕ್ಕೆ 2018ರ ಜೂನಿನ ಕೇಂದ್ರ ಅಧಿಸೂಚನೆ ಬೇರೆ ಮಿತಿ ಕೊಟ್ಟಿದೆ: ವರ್ಷಕ್ಕೆ 50,000ಕ್ಕೂ ಹೆಚ್ಚು ಏರಿಳಿತ ಇರುವ ನಿಲ್ದಾಣಗಳಲ್ಲಿ ಹಗಲು 70, ರಾತ್ರಿ 65, ಉಳಿದವಕ್ಕೆ 65 ಮತ್ತು 60. ನಿಮ್ಮ ಮನೆ ವಲಯದ ಒಳಗೋ ಹೊರಗೋ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. 47 ಎಂಬ ಅದೇ ಅಂಕಿ ಹೊರಗಿದ್ದರೆ ಮಿತಿ ಮೀರಿದ್ದು, ಒಳಗಿದ್ದರೆ ಮಿತಿಗಿಂತ ಎಷ್ಟೋ ಕೆಳಗೆ. ನಿದ್ದೆಗೆ ಈ ವ್ಯತ್ಯಾಸ ಅರ್ಥವಾಗುವುದಿಲ್ಲ, ಅದು ಬೇರೆ ಮಾತು.

ಸುತ್ತಲ ಸದ್ದಿಗಿಂತ ವಿಮಾನ 10 ಡೆಸಿಬೆಲ್ ಮೇಲಿದ್ದರೆ ಅಂಕಿಯನ್ನು ಹಾಗೇ ತೆಗೆದುಕೊಳ್ಳಿ. ಅಂತರ 3 ಮಾತ್ರ ಇದ್ದರೆ ಓದಿದ ಅಂಕಿಯಿಂದ 3 ಕಳೆಯಬೇಕು. ಅದಕ್ಕಿಂತ ಕಡಿಮೆಯಾದರೆ ಆ ಸಾಲು ಹೊಡೆದುಹಾಕಿ. ಬೇಸಗೆಯ ಬೆಳಗ್ಗೆ ಕೋಗಿಲೆ, ಆಮೇಲೆ ಪಕ್ಕದ ಮನೆಯ ಕುಕ್ಕರ್ ಶಿಳ್ಳೆ, ಎರಡೂ 'ಎ' ತೂಕದಲ್ಲಿ ವಿಮಾನವನ್ನು ಸುಲಭವಾಗಿ ಮೀರಿಸುತ್ತವೆ.

ಕೆಲಸಕ್ಕೆ ಬಾರದ ನಂಬಿಕೆಗಳು

'ಮೋಡ ಸದ್ದನ್ನು ಕೆಳಕ್ಕೆ ಪುಟಿಸುತ್ತದೆ' ಎನ್ನುವುದು ಎಲ್ಲರ ಬಾಯಲ್ಲಿದೆ. ಮೋಡದ ಹನಿಗಳು ಗಾಳಿಗೆ ಹೋಲಿಸಿದರೆ ಎಷ್ಟು ವಿರಳವೆಂದರೆ ಸದ್ದಿನ ಮಟ್ಟಿಗೆ ಅಲ್ಲಿ ಗೋಡೆಯೇ ಇಲ್ಲ. ಮೋಡವಿದ್ದ ಹಗಲು ನೆಲ ಕಾಯುವುದಿಲ್ಲ, ಸದ್ದು ಮೇಲಕ್ಕೆ ಬಾಗುವುದಿಲ್ಲ, ನೆರಳು ಬೀಳುವುದಿಲ್ಲ. ಜೋರು ಕೇಳುವುದು ಅದಕ್ಕೆ.

ಕಾಂಪೌಂಡ್ ಎತ್ತರಿಸಿದರೆ ಹಗಲು ರನ್‌ವೇಯ ಮೊರೆತ ಅಂಗಳದಲ್ಲಿ ಸ್ವಲ್ಪ ತಗ್ಗೀತು. ತಂಪು ಪದರ ಕೂತ ರಾತ್ರಿ ಸದ್ದು ಗೋಡೆಯ ಮೇಲಿಂದ ಬಾಗಿ ಇಳಿಯುತ್ತದೆ, ನೆತ್ತಿಯ ಮೇಲಿನ ವಿಮಾನಕ್ಕಂತೂ ಕಾಂಪೌಂಡು ಲೆಕ್ಕವೇ ಇಲ್ಲ. ಸಿಲ್ವರ್ ಓಕಿನ ಒಂದು ಸಾಲು ನೆಡುವುದು ಕಣ್ಣಿಗೆ ತಂಪು. ಸದ್ದಿಗೆ ಹತ್ತಾರು ಮೀಟರ್ ದಟ್ಟ ತೋಪೇ ಬೇಕು, ಅದೂ ಗಡಸು ಮೊರೆತವನ್ನು ತಡೆಯುವುದು ಕಡಿಮೆ.

ಮನೆ ಅಥವಾ ಸೈಟು ನೋಡಲು ಒಂದೇ ದಿನ ಬಿಡುವಿದ್ದರೆ ಹೀಗೆ ಆರಿಸಿ: ನಿಲ್ದಾಣದ ಪಶ್ಚಿಮಕ್ಕಾದರೆ ಡಿಸೆಂಬರ್–ಜನವರಿಯ ಯಾವುದಾದರೂ ನಿರ್ಮಲ ರಾತ್ರಿಯ ನಂತರ, ಬೆಳಗ್ಗೆ ನಾಲ್ಕೂವರೆಯಿಂದ ಆರರವರೆಗೆ. ಪೂರ್ವಕ್ಕಾದರೆ ಮುಂಗಾರಿನಲ್ಲಿ, ಮಳೆ ಬಿಟ್ಟು ಗಾಳಿ ತಗ್ಗಿದ ರಾತ್ರಿ ಹತ್ತರ ಮೇಲೆ. ಕಾರಿನೊಳಗೆ ಕೂರಬೇಡಿ, ಎಂಜಿನ್ ಆರಿಸಿ ಹೊರಗೆ ನಿಲ್ಲಿ, ಹತ್ತು ವಿಮಾನ ಎಣಿಸುವವರೆಗೆ.